ಎದೆಯೊಳಗಿನ ಪ್ರತಿಧ್ವನಿ

ಎರಡು ವರ್ಷಗಳ ಹಿಂದೆ, ಅಪ್ಪ ಐಸಿಯುವಿನಲ್ಲಿದ್ದ ಕೊನೆಯ ರಾತ್ರಿ, ಸಹಿ ಹಾಕಲೆಂದು ನನ್ನನ್ನು ಒಳಗೆ ಕರೆದಿದ್ದರು. ಸೋಂಕು ರಕ್ತಕ್ಕೆ ಹರಡಿ ಬಿಪಿ ಕುಸಿದಿತ್ತು. ಡ್ಯೂಟಿಯಲ್ಲಿದ್ದ ಯುವ ವೈದ್ಯೆ ಅಪ್ಪನ ಎದೆಗೆ ಜೆಲ್ ಹಚ್ಚಿ, ಪ್ರೋಬ್ ಇಟ್ಟು ನೋಡಿದರು. ಕಾಲುಗಳನ್ನು ಮೇಲೆತ್ತಿಸಿ ಮತ್ತೆ ನೋಡಿದರು. "ಇನ್ನು ಸಲೈನ್ ಬೇಡ" ಎಂದರು. ಪರದೆಯಲ್ಲಿ ನನಗೆ ಕಂಡದ್ದು ಬೂದು ಮಂಜು ಮಾತ್ರ. ಬೆಳಿಗ್ಗೆ ಅಪ್ಪ ಹೋದರು. "ಕೊನೆಗೆ ಸಲೈನನ್ನೂ ನಿಲ್ಲಿಸಿಬಿಟ್ಟರಲ್ಲೋ" ಎಂದು ಅಮ್ಮ ಇವತ್ತಿಗೂ ಅನ್ನುತ್ತಾಳೆ.

ನಾನು ಓದುತ್ತಿರುವುದು ವಿಜ್ಞಾನದ ಚರಿತ್ರೆ. ಆ ಮಂಜಿನಲ್ಲಿ ವೈದ್ಯೆಗೆ ಏನು ಕಂಡಿತು, ಹಾಗೆ ಕಾಣುವುದನ್ನು ವೈದ್ಯರು ಹೇಗೆ ಕಲಿತರು ಎಂದು ಹುಡುಕುತ್ತ ಹೋದೆ.

ಕತೆ ಶುರುವಾಗುವುದು ಸ್ವೀಡನ್ನಿನಲ್ಲಿ. ಲುಂಡ್ ನಗರದ ಹೃದ್ರೋಗ ವೈದ್ಯ ಇಂಗೆ ಎಡ್ಲರ್ ಅವರಿಗೆ, ಶಸ್ತ್ರಚಿಕಿತ್ಸೆಗೆ ಮುಂಚೆಯೇ ಹೃದಯದ ಕವಾಟದ ಸ್ಥಿತಿ ತಿಳಿಯಬೇಕಿತ್ತು. ಭೌತವಿಜ್ಞಾನಿ ಹೆಲ್‌ಮುತ್ ಹರ್ಟ್ಸ್, ಮಾಲ್ಮೊದ ಹಡಗು ಕಾರ್ಖಾನೆಯಲ್ಲಿ ಲೋಹದ ಬಿರುಕು ಪತ್ತೆಮಾಡುತ್ತಿದ್ದ ಶ್ರವಣಾತೀತ ಧ್ವನಿಯ ಯಂತ್ರವನ್ನು ತಮ್ಮ ಎದೆಗೇ ಹಿಡಿದು ನೋಡಿದರು. ಮುಂದೆ ಎರವಲು ಪಡೆದ ಇನ್ನೊಂದು ಯಂತ್ರದಿಂದ, 1953ರ ಅಕ್ಟೋಬರ್ 29ರಂದು, ಮಿಡಿಯುವ ಹೃದಯದ ಪ್ರತಿಧ್ವನಿಯನ್ನು ಇಬ್ಬರೂ ದಾಖಲಿಸಿದರು.

ಆದರೆ ಐಸಿಯು ಬೇರೆಯದೇ ದಾರಿ ಹಿಡಿಯಿತು. ರಕ್ತನಾಳದ ಮೂಲಕ ಹೃದಯವನ್ನು ದಾಟಿಸಿ ಶ್ವಾಸಕೋಶದ ಅಪಧಮನಿಗೆ ತಲುಪಿಸುವ, ತುದಿಯಲ್ಲಿ ಬಲೂನಿರುವ ಕೊಳವೆಯನ್ನು 1970ರಲ್ಲಿ ಸ್ವಾನ್ ಮತ್ತು ಗ್ಯಾಂಜ್ ಪರಿಚಯಿಸಿದರು. ಅದರಿಂದ ಅಂಕಿಗಳು ಸಿಕ್ಕವು. 1996ರಲ್ಲಿ ಅಮೆರಿಕದ 5,735 ರೋಗಿಗಳ ಅಧ್ಯಯನವೊಂದು, ಆ ಕೊಳವೆ ಹಾಕಿದವರಲ್ಲೇ ಸಾವು ಹೆಚ್ಚೆಂದು ಹೇಳಿದಾಗ ದೊಡ್ಡ ಚರ್ಚೆಯೇ ನಡೆಯಿತು. ಹೆಚ್ಚು ಅಳೆದರೆ ಹೆಚ್ಚು ಉಳಿಸಿದಂತಲ್ಲ.

ಅಷ್ಟರಲ್ಲಿ ಫ್ರಾನ್ಸಿನಲ್ಲಿ ಫ್ರಾಂಸ್ವಾ ಜಾರ್ದಾಂ ಮತ್ತು ಸಂಗಡಿಗರು ಪ್ರೋಬನ್ನು ರೋಗಿಯ ಮಂಚದ ಬಳಿಗೇ ತಂದಿದ್ದರು. ವೆಂಟಿಲೇಟರಿನ ಒತ್ತಡ ಏರಿದಾಗ ಹೃದಯದ ಬಲಭಾಗ ಉಬ್ಬಿ ಎಡಭಾಗವನ್ನು ಒತ್ತುವುದನ್ನು ಅವರು 1981ರಲ್ಲಿ ತೋರಿಸಿದರು. ಆಗೆಲ್ಲ ಎಕೋ ಹೃದ್ರೋಗ ತಜ್ಞರ ವಿದ್ಯೆ. ಐಸಿಯು ವೈದ್ಯರು ಅದನ್ನು ತಮ್ಮದಾಗಿಸಿಕೊಳ್ಳಲು ದಶಕಗಳೇ ಹಿಡಿದವು. ಉನ್ನತ ಮಟ್ಟದ ಐಸಿಯು ಎಕೋಗೆಂದೇ ಅಮೆರಿಕದಲ್ಲಿ ಪರೀಕ್ಷೆ ಶುರುವಾದದ್ದು 2019ರಲ್ಲಿ.

ಪ್ರಾಥಮಿಕ ಕಲಿಕೆಯಲ್ಲಿ ಕೇಳುವುದು ನೇರ ಪ್ರಶ್ನೆಗಳು: ಹೃದಯ ಸರಿಯಾಗಿ ಹಿಂಡುತ್ತಿದೆಯೇ? ಸುತ್ತ ನೀರು ತುಂಬಿದೆಯೇ? ಉನ್ನತ ಕಲಿಕೆಯಲ್ಲಿ ಲೆಕ್ಕವೂ ಸೇರುತ್ತದೆ. ಒಂದೊಂದು ಮಿಡಿತಕ್ಕೂ ಎಷ್ಟು ರಕ್ತ ಹೊರಟಿತೆಂದು ಡಾಪ್ಲರ್‌ನಿಂದ ಅಳೆಯಬೇಕು. ಪ್ರೋಬ್ ತುಸು ಓರೆಯಾದರೂ ಲೆಕ್ಕ ತಪ್ಪುತ್ತದೆ. ಓದಿ ಬರುವ ವಿದ್ಯೆಯಲ್ಲ ಇದು. ಬಲ್ಲವರ ಪಕ್ಕದಲ್ಲಿ ನಿಂತು, ನೂರಾರು ಎದೆಗಳ ಮೇಲೆ ಕೈ ಪಳಗಬೇಕು.

ಆ ರಾತ್ರಿ ಕಾಲು ಮೇಲೆತ್ತಿಸಿದ್ದು ಯಾಕೆಂದು ಈಗ ನನಗೆ ಗೊತ್ತು. ಹಾಗೆ ಮಾಡಿದಾಗ ಕಾಲುಗಳಲ್ಲಿರುವ ಸುಮಾರು 300 ಮಿ.ಲೀ. ರಕ್ತ ಹೃದಯದ ಕಡೆಗೆ ಹರಿಯುತ್ತದೆ. ಹನಿಯೂ ಸಲೈನ್ ಕೊಡದೆ, ಕೊಟ್ಟರೆ ಏನಾಗಬಹುದೆಂದು ನೋಡುವ ಉಪಾಯ ಅದು. ಹೃದಯ ಹೊರಹಾಕುವ ರಕ್ತ ಆಗಲೂ ಹೆಚ್ಚದಿದ್ದರೆ, ಮತ್ತಷ್ಟು ಸಲೈನ್ ಶ್ವಾಸಕೋಶದಲ್ಲಿ ನಿಲ್ಲುತ್ತದೆ.

ಕಳೆದ ವಾರ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿ ಕೇಳಿದಳು: "ಹಾಗಾದರೆ ಆ ಹುಡುಗಿ ಕೈಬಿಟ್ಟಿರಲಿಲ್ಲ, ಅಲ್ವೇನೋ?"

"ಇಲ್ಲಮ್ಮ" ಎಂದೆ.