ಆತಕೂರಿನ ಕಲ್ಲು ಕಲಿಸುವ ಪಾಠ

ಇತಿಹಾಸದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಆತಕೂರು ಶಾಸನವೆಂದರೆ ತಕ್ಕೋಲಂ ಯುದ್ಧದ ಆಧಾರ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಪರವಾಗಿ ಹೋರಾಡಿದ ಗಂಗ ದೊರೆ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದನೆಂದು ಬರೆದರೆ ಪರೀಕ್ಷೆಗೆ ಸಾಕು. ಆದರೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಈ ಕಲ್ಲಿನ ಮುಂದೆ ನಿಂತವರ ಕಣ್ಣು ಹೋಗುವುದು ಹಂದಿಯೊಡನೆ ಸೆಣಸುತ್ತಿರುವ ನಾಯಿಯ ಶಿಲ್ಪದತ್ತ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಈ ಶಾಸನದ ಕಾಲ ಶಕ 872, ಅಂದರೆ ಕ್ರಿ.ಶ. 949–50. ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನೆಂಬ ವೀರನಿಗೆ ಒಡೆಯನು ಮೆಚ್ಚಿ 'ಬೇಡಿಕೊ' ಎಂದಾಗ ಆತ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ದೊಡ್ಡ ಹಂದಿಯೊಂದರ ಮೇಲೆರಗಿ, ಎರಡೂ ಒಟ್ಟಿಗೆ ಸತ್ತವು. ಮಣಲೆರ ಚಲ್ಲೇಶ್ವರ ದೇಗುಲದ ಎದುರು ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿ ಬಿಟ್ಟ. ಕಲ್ಲನ್ನು ಪೂಜಿಸದೆ ಉಂಡ ಅರ್ಚಕನಿಗೆ ಪಾಪ ತಗಲುವುದೆಂದೂ ಬರೆಸಿದ.

ರಾಜರ ಯುದ್ಧದ ಸುದ್ದಿ ಉಳಿದುಬಂದಿರುವುದು ನಾಯಿಯ ನೆನಪಿಗೆಂದು ನಿಲ್ಲಿಸಿದ ಕಲ್ಲಿನಲ್ಲಿ. ಪಠ್ಯಪುಸ್ತಕ ಯುದ್ಧವನ್ನು ಇಟ್ಟುಕೊಂಡು ನಾಯಿಯನ್ನು ಬಿಟ್ಟಿತು. ಶಾಸನವನ್ನು ಆಧಾರವಾಗಿ ಬಳಸುವ ಮೊದಲು, ಅದನ್ನು ಯಾರು, ಯಾರಿಗಾಗಿ, ಏಕೆ ನಿಲ್ಲಿಸಿದರೆಂದು ಕೇಳಬೇಕು. ವಿದ್ಯಾರ್ಥಿಗಳಿಗೆ ಆ ಪ್ರಶ್ನೆ ಹೊಳೆಯುವುದು ಕಲ್ಲನ್ನೇ ಕಂಡಾಗ.