ಮದ್ದಿನ ಅಳತೆ

ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದೊಡನೆ ಅಂಗಳದಲ್ಲಿ ಆಕಾಶಕ್ಕೆ ಒಂದು ಗುಂಡು ಹಾರಿಸುವ ಪದ್ಧತಿಯನ್ನು ಕೇಳಿ ಅರಿಯದವರು ನಮ್ಮಲ್ಲಿ ವಿರಳ. ಆದರೆ ಆ ಗುಂಡಿನ ಸದ್ದಿನಲ್ಲಿ ಅಡಗಿಹೋಗುವ ಇನ್ನೊಂದು ಕ್ರಿಯೆಯುಂಟು, ಅದನ್ನು ಬಲ್ಲವರು ಅಷ್ಟಾಗಿ ಇಲ್ಲ. ಹೊರಗೆ ಕೋವಿ ಮೊಳಗುವ ವೇಳೆಗೆ ಒಳಗೆ, ಲೋಕದ ಬೆಳಕಿಗೆ ಇನ್ನೂ ಕಣ್ಣು ಹೊಂದಿಸಿಕೊಳ್ಳದ ಆ ಶಿಶುವಿನ ಮುಷ್ಟಿಯಲ್ಲಿ, ಹರಳುಗಿಡದ ಕಡ್ಡಿಯನ್ನು ಬಾಗಿಸಿ ಮಾಡಿದ ಪುಟ್ಟ ಬಿಲ್ಲನ್ನೂ ಅದೇ ಗಿಡದ ಎಲೆಯ ತೊಟ್ಟಿನಿಂದಾದ ಬಾಣವನ್ನೂ ಇರಿಸುವರು. 1870ರಲ್ಲಿ ಕೊಡಗಿನ ಕೈಪಿಡಿಯನ್ನು ಪ್ರಕಟಿಸಿದ ರಿಕ್ಟರ್ ಈ ಎರಡು ಕ್ರಿಯೆಗಳನ್ನೂ ಜೊತೆಜೊತೆಯಾಗಿಯೇ ದಾಖಲಿಸಿದ್ದಾನೆ. ಒಂದು ಕಿವಿಗೆ, ಒಂದು ಕೈಗೆ. ಒಂದು ನಿಜವಾದ ಆಯುಧ, ಮತ್ತೊಂದು ಎರಡು ದಿನದಲ್ಲಿ ಬಾಡುವ ಆಯುಧ. ಮಗುವಿನ ಪಾಲಿಗೆ ಬಂದದ್ದು ಬಾಡುವಂಥದು ಎಂಬುದರಲ್ಲಿ ಹಿರಿಯರ ವಿವೇಕವನ್ನು ಕಾಣುವುದು ನನ್ನ ಅತಿಯಾದ ಕಲ್ಪನೆಯಿದ್ದರೂ ಇರಬಹುದು.

ಗುರಿಹೊಡೆಯುವುದನ್ನು ಕಲಿಯಬಯಸುವ ಮಗುವಿಗೆ ಮೊದಲು ಯಾವ ಕೋವಿಯನ್ನು ಕೊಡಿಸಬೇಕು ಎಂಬ ಪ್ರಶ್ನೆ ಈಗಿನ ತಂದೆತಾಯಿಗಳಿಗೆ ಸಹಜವಾಗಿ ತೋರುತ್ತದೆ. ಬೈಸಿಕಲ್ಲಿನಂತೆ, ಪಿಟೀಲಿನಂತೆ, ಅದೂ ಮಗುವಿನ ಅಳತೆಗೆ ತಕ್ಕಂತೆ ಆರಿಸಿ ತರಬೇಕಾದ ವಸ್ತುವೆಂದು ನಾವು ಭಾವಿಸುತ್ತೇವೆ. ಆದರೆ ಕೋವಿಯೊಡನೆ ತಲೆಮಾರುಗಳಿಂದ ಒಡನಾಡಿದ ಕೊಡಗಿನ ಹಳೆಯ ಒಕ್ಕಗಳಲ್ಲಿ, ಅಂದರೆ ಕುಲಮನೆತನಗಳಲ್ಲಿ, ಈ ಪ್ರಶ್ನೆಗೆ ಅವಕಾಶವೇ ಇದ್ದಂತೆ ತೋರುವುದಿಲ್ಲ. ಮತ್ತು ಅದಕ್ಕೆ ಕಾರಣ ಆ ಜನರ ಶೌರ್ಯದಲ್ಲಿ ಎಷ್ಟಿದೆಯೋ ಅಷ್ಟೇ ಅವರ ಕೋವಿಯ ಯಂತ್ರರಚನೆಯಲ್ಲಿಯೂ ಇದೆ ಎಂಬುದು ನನ್ನ ತಿಳಿವಳಿಕೆ.

ಮಾತಿನಿಂದಲೇ ಆರಂಭಿಸೋಣ. ಕೋವಿ ಎಂದರೆ ಮೂಲತಃ ಕೊಳವೆ. ನಮ್ಮವರು ಹೊಸ ಆಯುಧವನ್ನು ಕಂಡಾಗ ಅದರ ಆಕಾರದಿಂದಲೇ ಅದಕ್ಕೆ ಹೆಸರಿಟ್ಟರು. ಕೊಡವ ತಕ್ಕಿನಲ್ಲಿ ಅದು ತೋಕ್. ಮಲಯಾಳದ ತೋಕ್ಕ್, ತಮಿಳಿನ ತುಪ್ಪಾಕ್ಕಿ, ನಮ್ಮ ತುಪಾಕಿ, ಇವೆಲ್ಲ ತುರುಕಿಯ ಒಂದೇ ಶಬ್ದದ ಮಕ್ಕಳು. ಪದವು ದೂರದಿಂದ ಬಂದಿತಾದರೂ ಮನೆಯ ಮಗನೇ ಆಗಿಬಿಟ್ಟಿತು. ಕೊಡವ ಮಾತಿನ ವಿಷಯದಲ್ಲಿ ಕನ್ನಡಿಗನು ಎಚ್ಚರದಿಂದಿರಬೇಕೆಂಬುದಕ್ಕೆ ಇಲ್ಲಿಯೇ ಒಂದು ನಿದರ್ಶನವನ್ನು ಹೇಳಿಬಿಡುತ್ತೇನೆ: ಅಲ್ಲಿ ‘ನರಿ ಮಂಗಲ’ ಎಂಬ ಉತ್ಸವವಿತ್ತೆಂದು ಓದಿ ನಕ್ಕವರನ್ನು ನಾನು ಬಲ್ಲೆ. ಅವರ ನರಿಯು ನಮ್ಮ ಹುಲಿ. ಹುಲಿಯನ್ನು ಕೊಂದ ವೀರನನ್ನು ಚಪ್ಪರದಡಿಯಲ್ಲಿ ಮದುಮಗನಂತೆ ಕುಳ್ಳಿರಿಸಿ, ಊರಿನವರೆಲ್ಲರೂ ಅಕ್ಕಿಯೆರಚಿ ಹರಸುತ್ತಿದ್ದ ಮಂಗಲವದು.

ಹಳೆಯ ಕೋವಿಯು ಬಾಯಿಂದ ತುಂಬುವ ಕೋವಿ. ಮಲೆನಾಡಿನವರು ಅದರ ಕೊನೆಯ ರೂಪವನ್ನು ಕೇಪಿನ ಕೋವಿಯೆಂದು ಕರೆಯುವರು. ಅದರಿಂದ ಒಂದು ಈಡು ಹೊಡೆಯಬೇಕಾದರೆ, ನಳಿಗೆಯನ್ನು ಮೇಲ್ಮುಖವಾಗಿ ನಿಲ್ಲಿಸಿ, ಕರಿಮದ್ದನ್ನು ಅಳೆದು ಸುರಿದು, ಅದರ ಮೇಲೆ ನಾರನ್ನೋ ಬಟ್ಟೆಯ ಚೂರನ್ನೋ ತುರುಕಿ, ಗಜವೆಂಬ ಕೋಲಿನಿಂದ ಹದವಾಗಿ ಜಡಿದು, ಚರೆಯನ್ನೋ ಗುಂಡನ್ನೋ ಇಳಿಬಿಟ್ಟು, ಮತ್ತೆ ನಾರು ತುರುಕಿ ಜಡಿದು, ಕಟ್ಟಕಡೆಗೆ ಹಿಂಬದಿಯ ಸಣ್ಣ ಕೊಳವೆಯ ಮೂತಿಗೆ ತಾಮ್ರದ ಕೇಪನ್ನು ತೊಡಿಸಬೇಕು. ಇದರಲ್ಲಿ ಒಂದೊಂದು ಹೆಜ್ಜೆಯೂ ತಪ್ಪಿಗೆ ಎಡೆಗೊಡತಕ್ಕದ್ದು. ಮದ್ದು ಮೊದಲೇ ತುಂಬಿದೆಯೆಂಬುದನ್ನು ಮರೆತು ಮತ್ತೊಮ್ಮೆ ತುಂಬಿದರೆ ನಳಿಗೆಯು ಸಿಡಿದು ಹೊಡೆಯುವವನ ಕೈಯನ್ನೇ ಕಿತ್ತೊಯ್ಯಬಹುದು. ಆದುದರಿಂದಲೇ ಗಜವನ್ನು ಒಳಗಿಳಿಸಿ, ಅದು ಬಾಯಿಂದ ಎಷ್ಟು ಹೊರಚಾಚಿದೆಯೆಂಬುದನ್ನು ಬೆರಳಳತೆಯಿಂದ ಲೆಕ್ಕ ಹಿಡಿಯುವುದು ರೂಢಿಯಾಯಿತು.

ಈ ತೊಡಕಿನ ವ್ಯವಸ್ಥೆಯಲ್ಲಿ ಒಂದು ಗುಣವಿತ್ತು. ಕೋವಿಯು ಭುಜಕ್ಕೆ ಒದೆಯುವ ಬಲವು ಮದ್ದಿನ ಪ್ರಮಾಣವನ್ನೂ ಗುಂಡಿನ ತೂಕವನ್ನೂ ಅನುಸರಿಸಿರುವುದಷ್ಟೆ. ಆ ಎರಡೂ ತುಂಬುವವನ ಕೈಯಲ್ಲಿದ್ದವು. ಹಂದಿಗೆ ಇಷ್ಟು, ಹಕ್ಕಿಗೆ ಇಷ್ಟು ಎಂದು ಅಳೆಯುತ್ತಿದ್ದ ಹಿರಿಯನು ಹನ್ನೆರಡು ವರ್ಷದ ಹುಡುಗನಿಗೆ ಇಷ್ಟು ಎಂದೂ ಅಳೆದಿರಬೇಕೆಂದು ಊಹಿಸಿದರೆ ತಪ್ಪಾಗಲಾರದು. ತಾತನ ಕೋವಿಯೇ ಮೊಮ್ಮಗನ ಕೋವಿ. ಬದಲಾಗುತ್ತಿದ್ದುದು ಮದ್ದಿನ ಅಳತೆ ಮಾತ್ರ. ಹುಡುಗನು ಬೆಳೆದಂತೆ ಕೋವಿಯೂ ಅವನೊಡನೆ ಬೆಳೆಯುತ್ತಿತ್ತು ಎನ್ನಬೇಕು. ನಳಿಗೆಯ ಉದ್ದ ಮತ್ತು ತೂಕಗಳು ಮಾತ್ರ ಯಾರಿಗೂ ಕಡಿಮೆಯಾಗುತ್ತಿರಲಿಲ್ಲ. ಆ ಕೊರತೆಯನ್ನು ಮರದ ಕವೆಯೋ ಅಂಗಳದ ಗೋಡೆಯೋ ತುಂಬಿಕೊಡಬೇಕಾಗಿತ್ತು.

ಹೊಡೆಯುವ ಹಕ್ಕಿಗೆ ಮುಂಚೆ ಹೂವಿಡುವ ಹಕ್ಕು ಬರುತ್ತಿತ್ತೆಂಬುದನ್ನೂ ಮರೆಯಲಾಗದು. ಕನ್ನಡಿಗರು ಕೈಲ್ ಮುಹೂರ್ತವೆನ್ನುವ, ಕೊಡವರು ಕೈಲ್‌ಪೋಳ್ದ್ ಎನ್ನುವ ಆಯುಧಗಳ ಹಬ್ಬವು ಗದ್ದೆಯ ನಾಟಿ ಮುಗಿದ ಮೇಲೆ, ಸೆಪ್ಟೆಂಬರಿನ ಆರಂಭದಲ್ಲಿ ಬರುತ್ತದೆ. ಬೇಸಾಯದ ದಿನಗಳಲ್ಲಿ ಕನ್ನಿಕೊಂಬರೆಯೆಂಬ ಪೂಜೆಯ ಕೋಣೆಯಲ್ಲಿ ಇರಿಸಿದ್ದ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಅಂದು ಹೊರತೆಗೆದು, ಒರೆಸಿ, ಮನೆಯ ದೀಪವಾದ ನೆಲ್ಲಕ್ಕಿ ಬೊಳ್‌ಚದ ಸನ್ನಿಧಿಯಲ್ಲಿ ಸಾಲಾಗಿ ನಿಲ್ಲಿಸಿ ಪೂಜಿಸುವರು. ಕೋವಿಯ ಬಾಯಿಗೆ ಮುಡಿಸುವುದು ಮಳೆಗಾಲದ ಬೇಲಿಗಳಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಹೂವನ್ನು. ಸಂಸ್ಕೃತಜ್ಞರು ಅದನ್ನು ಅಗ್ನಿಶಿಖೆಯೆಂದರು, ನಮ್ಮ ಹೆಂಗಸರು ಗೌರಿಹೂವೆಂದರು, ಕೊಡವರು ನೇರವಾಗಿ ತೋಕ್ ಪೂ, ಅಂದರೆ ಕೋವಿಯ ಹೂವು, ಎಂದೇ ಕರೆದರು. ಇದರ ಗೆಡ್ಡೆಯು ಘೋರವಾದ ವಿಷ. ಪೂಜೆಯ ತರುವಾಯ ಹಿರಿಯನು ಕಿರಿಯರ ಕೈಗೆ ಆಯುಧವನ್ನು ಒಪ್ಪಿಸುತ್ತಾ, ಹುಲಿಯನ್ನಾಗಲಿ ಹಗೆಯನ್ನಾಗಲಿ ತಾನಾಗಿ ಕೆಣಕಬಾರದು, ಅವು ಮೇಲೆ ಬಿದ್ದರೆ ಬೆನ್ನು ತೋರಬಾರದು ಎಂಬ ಅರ್ಥದ ಬುದ್ಧಿಮಾತನ್ನು ಹೇಳುವುದುಂಟು. ಆಮೇಲೆ ಕಡಂಬುಟ್ಟು ಪಂದಿಕರಿಯ ಭೋಜನ. ಆಮೇಲೆ ಊರಿನ ಬಯಲಾದ ಮಂದಿನಲ್ಲಿ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ. ಸುಗ್ಗಿಯ ಹಬ್ಬವಾದ ಹುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಗುಂಡು ಹಾರುತ್ತದೆ. ಸಾವಿನ ಮನೆಯಲ್ಲಿ ಎರಡು ಗುಂಡು. ಹೀಗೆ ಕೋವಿಯ ಸದ್ದನ್ನು ಸಂತೋಷಕ್ಕೊಂದು ದುಃಖಕ್ಕೆರಡು ಎಂದು ಎಣಿಸಿ ಅರ್ಥಮಾಡಿಕೊಳ್ಳುತ್ತಾ ಬೆಳೆದ ಹುಡುಗನಿಗೆ ಅದು ಆಟದ ಸಾಮಾನಾಗಿ ಕಾಣುವುದು ಕಷ್ಟ.

ಈ ಜೀವನಕ್ರಮವು ಉಳಿದುಬಂದುದಕ್ಕೆ ಸರ್ಕಾರದ ಒಂದು ಕಾಗದವೂ ಕಾರಣವಾಯಿತು. 1834ರಲ್ಲಿ ಹಾಲೇರಿಯ ಅರಸರ ಆಳ್ವಿಕೆ ಕೊನೆಗೊಂಡು ಕೊಡಗು ಕಂಪನಿಯ ವಶವಾಯಿತು. 1857ರ ಬಂಡಾಯದ ಭಯದಿಂದ ಇಂಗ್ಲಿಷರು ದೇಶವನ್ನೆಲ್ಲ ನಿರಾಯುಧಗೊಳಿಸುವ ಕಾಯಿದೆಯನ್ನು ತಂದಾಗ, ಕಮಿಷನರ್ ಮಾರ್ಕ್ ಕಬ್ಬನ್ನನು 1861ರ ಫೆಬ್ರವರಿಯಲ್ಲಿ, ಕೊಡಗಿನ ಜನರ ನಿಷ್ಠೆಯನ್ನೂ ಪರಾಕ್ರಮವನ್ನೂ ಬಹಳವಾಗಿ ಹೊಗಳಿ, ಅವರಿಗೆ ಆ ಕಾಯಿದೆಯಿಂದ ವಿನಾಯಿತಿಯನ್ನು ಘೋಷಿಸಿದನು. ನಿಷ್ಠೆಗೆ ಕೊಟ್ಟ ಬಹುಮಾನವು ಕಸಿದುಕೊಳ್ಳದೆ ಬಿಟ್ಟ ಸ್ವಂತದ ಸೊತ್ತೇ ಆಗಿತ್ತೆಂಬುದು ಸಾಮ್ರಾಜ್ಯಗಳ ಔದಾರ್ಯದ ಒಂದು ಮಾದರಿ. ಅದು ಹೇಗೇ ಇರಲಿ, ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಕಾಯಿದೆಯ ಕೆಳಗೂ ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಈ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಅದನ್ನು 2029ರ ವರೆಗೆ ವಿಸ್ತರಿಸಲಾಯಿತು.

ಕಾಯಿದೆ ಬದಲಿಸಲಾರದುದನ್ನು ತೋಟಾ ಬದಲಿಸಿತು. ಮದ್ದು, ಗುಂಡು, ಕೇಪುಗಳನ್ನು ಒಂದೇ ಕರಂಡಕದಲ್ಲಿ ಅಡಗಿಸಿ ಕಾರ್ಖಾನೆಯೇ ಮುಚ್ಚಿ ಕಳುಹಿಸತೊಡಗಿದ ಮೇಲೆ, ಅಳತೆಯು ತಾತನ ಕೈತಪ್ಪಿತು. ನಮ್ಮಲ್ಲಿ ಬಹಳವಾಗಿ ಕಾಣುವ ಹನ್ನೆರಡು ಬೋರಿನ ಕೋವಿಯ (ಒಂದು ಪೌಂಡು ಸೀಸದಿಂದ ಅದರ ನಳಿಗೆಗೆ ಸರಿಹೊಂದುವ ಹನ್ನೆರಡು ಗುಂಡುಗಳಾಗುತ್ತವೆಂದು ಆ ಹೆಸರು) ತೋಟಾ ಸುಮಾರು 30 ಗ್ರಾಂ ಚರೆಯನ್ನು ಉಗುಳುತ್ತದೆ. ಅದನ್ನು ಹೊಡೆದ ಎಳೆಯನ ಭುಜವು ಕಂದಿ, ಮನಸ್ಸು ಅದಕ್ಕಿಂತ ಹೆಚ್ಚಾಗಿ ಕಂದಿ, ಮುಂದಿನ ಈಡಿಗೆ ಕಣ್ಣುಮುಚ್ಚಿ ಕೋವಿಯ ಕುದುರೆಯೆಳೆಯುವ ದುರಭ್ಯಾಸವು ಅಂಟಿಕೊಳ್ಳುತ್ತದೆ. ಅಳತೆಯನ್ನು ತಗ್ಗಿಸಲಾಗದಿದ್ದರೆ ಆಯುಧವನ್ನೇ ತಗ್ಗಿಸಬೇಕು. ಮಗುವಿನ ಮೊದಲ ಕೋವಿ ಯಾವುದು ಎಂಬ ಪ್ರಶ್ನೆಯು ಹುಟ್ಟಿದ್ದು ಇಲ್ಲಿ.

ಉತ್ತರವು ಕಡಲಾಚೆಯಿಂದ ಬಂದಿತು. 1857ರಲ್ಲಿ ಅಮೆರಿಕೆಯ ಸ್ಮಿತ್ ಮತ್ತು ವೆಸ್ಸನ್ ಸಂಸ್ಥೆಯವರು .22 ಅಂಗುಲದ ಪುಟ್ಟ ತೋಟಾವನ್ನು ಹೊರತಂದರು. 1887ರಲ್ಲಿ ಅದರ ಉದ್ದನೆಯ ರೂಪವು ಸಿದ್ಧವಾಗಿ ಇಂದಿಗೂ ಲೋಕದ ಎಲ್ಲೆಡೆ ಬಳಕೆಯಲ್ಲಿದೆ. ಅದರ ಗುಂಡಿನ ತೂಕ ಎರಡೂವರೆ ಗ್ರಾಮಿಗಿಂತ ತುಸು ಹೆಚ್ಚು. ಒದೆತವೆಂಬುದು ಹೆಸರಿಗೆ ಮಾತ್ರ. 1948ರಲ್ಲಿ ಎನ್.ಸಿ.ಸಿ. ಆರಂಭವಾದ ಮೇಲೆ, ಕೋವಿಯ ಸಂಬಂಧವೇ ಇಲ್ಲದ ಬಯಲುಸೀಮೆಯ ಮನೆಗಳ ಎಷ್ಟೋ ಹುಡುಗರು ಮೊದಲ ಬಾರಿಗೆ ನೆಲಕ್ಕೆ ಎದೆಯೊತ್ತಿ ಗುರಿಯಿಟ್ಟದ್ದು ಈ .22 ರೈಫಲ್ಲಿನಿಂದಲೇ. ಅದಕ್ಕೂ ಸೌಮ್ಯವಾದುದು ಗಾಳಿಯ ಒತ್ತಡದಿಂದ 4.5 ಮಿ.ಮೀ. ಸೀಸದ ಗುಂಡನ್ನು ತಳ್ಳುವ ಏರ್‌ಗನ್. ಬಹುಕಾಲ ಗುಬ್ಬಿ ಹೊಡೆಯುವ ಪುಂಡರ ಸಾಧನವೆಂದು ನಾವು ಹೀಗಳೆದಿದ್ದ ಆ ಜಾತಿಯ ರೈಫಲ್ಲಿನಿಂದಲೇ 2008ರಲ್ಲಿ ಅಭಿನವ್ ಬಿಂದ್ರಾ ಒಲಿಂಪಿಕ್ ಸುವರ್ಣವನ್ನು ಗೆದ್ದರು.

ಆಯ್ಕೆಯ ವಿಷಯದಲ್ಲಿ ಬಲ್ಲವರು ಅನುಸರಿಸುವ ಒಂದು ಸರಳ ಪರೀಕ್ಷೆಯುಂಟು: ಕೋವಿಯ ಮರದ ಬುಡವನ್ನು ಮಗುವಿನ ಮೊಣಕೈಯ ಒಳಮಡಿಕೆಗೆ ಒತ್ತಿ ಹಿಡಿದಾಗ ತೋರುಬೆರಳು ಕುದುರೆಗೆ ಸಲೀಸಾಗಿ ಮುಟ್ಟಬೇಕು. ಮುಟ್ಟದಿದ್ದರೆ ಆ ಕೋವಿ ಆ ಮಗುವಿನದಲ್ಲ. ಮುಂದಿನ ವರ್ಷಕ್ಕೆ ಬೆಳೆಯುತ್ತಾನೆಂದು ಅಂಗಿಯನ್ನು ದೊಡ್ಡದಾಗಿ ಹೊಲಿಸುವ ನಮ್ಮ ಮಿತವ್ಯಯವು ಇಲ್ಲಿ ಅಪಾಯಕಾರಿ. ಒಂದು ಸಲಕ್ಕೆ ಒಂದೇ ತೋಟಾ ಹಿಡಿಯುವ ರೈಫಲ್ಲು ಲೇಸು. ಎರಡನೆಯದು ಸಿದ್ಧವಾಗಿದೆಯೆಂದು ತಿಳಿದವನು ಮೊದಲನೆಯದನ್ನು ಗಮನವಿಟ್ಟು ಹೊಡೆಯುವುದಿಲ್ಲ. ದುರ್ಬೀನು ಕೂಡಿಸಿದ ಕೋವಿಗಳನ್ನು ಮೊದಲಿಗೇ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಬರಿಗಣ್ಣಿನಲ್ಲಿ ಹಿಂದಿನ ಕಚ್ಚು, ತುದಿಯ ಮೊಳೆ, ಆಚೆಯ ಗುರಿ, ಈ ಮೂರನ್ನೂ ಒಂದು ಗೆರೆಗೆ ತರುವ ಶ್ರಮದಲ್ಲಿಯೇ ಉಸಿರನ್ನು ಹಿಡಿತಕ್ಕೆ ತರುವ ಪಾಠವೂ ಅಡಗಿದೆ. ಕಾಯಿದೆಯ ಮಾತೂ ಇಲ್ಲಿ ಉಂಟು: 21 ತುಂಬದವರು ಬಂದೂಕಿನ ಒಡೆಯರಾಗುವಂತಿಲ್ಲ, 12 ವರ್ಷ ಕಳೆದವರು ಅಭ್ಯಾಸಕ್ಕಾಗಿ, ಹಿರಿಯರ ಕಣ್ಣೆದುರಿನಲ್ಲಿ ಮಾತ್ರ, ಗೊತ್ತುಪಡಿಸಿದ ಕೋವಿಗಳನ್ನು ಬಳಸಬಹುದು. ಇನ್ನು ಬೇಟೆಯಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಕೆಳಗೆ ಮುಗಿದ ಅಧ್ಯಾಯ; ಮಂದಿನ ತೆಂಗಿನಕಾಯಿಯೇ ಈಗ ಹುಲಿ, ಅದೇ ಹಂದಿ. ಆ ಕಾಯಿಗೆ ಗುರಿಯಿಡುವವರಲ್ಲಿ ಹೆಣ್ಣುಮಕ್ಕಳೂ ಈಚೆಗೆ ಸಾಲುಗಟ್ಟಿ ನಿಲ್ಲುತ್ತಿರುವುದನ್ನು ಕಂಡಾಗ, ಹರಳಿನ ಬಿಲ್ಲನ್ನು ಗಂಡುಮಗುವಿಗೆ ಮಾತ್ರ ಮೀಸಲಿಟ್ಟಿದ್ದ ಹಿರಿಯರೊಡನೆ ಸ್ವಲ್ಪ ಜಗಳವಾಡೋಣವೆನಿಸುತ್ತದೆ.

ಕೆಲವು ವರ್ಷಗಳ ಹಿಂದೆ ಕೈಲ್ ಮುಹೂರ್ತದ ದಿನ ಪರಿಚಿತರ ಒಕ್ಕದ ಐನ್‌ಮನೆಯಲ್ಲಿದ್ದೆ. ದೀಪದ ಮುಂದೆ ಎರಡು ಜೋಡುನಳಿಗೆಗಳು, ತಾತನ ಕಾಲದ ಕೇಪಿನ ಕೋವಿಯೊಂದು, ಸಾಲಿನ ತುದಿಯಲ್ಲಿ ಒಂಬತ್ತು ವರ್ಷದ ಹುಡುಗಿಯ ಏರ್‌ಗನ್. ಹುಡುಗಿಯೇ ಹೂ ಮುಡಿಸುತ್ತಾ ಬಂದಳು. ಹಳೆಯ ಕೋವಿಗಳ ಅಗಲವಾದ ಬಾಯಿಗಳಲ್ಲಿ ತೋಕ್ ಪೂವಿನ ದಂಟು ನೆಟ್ಟಗೆ ನಿಂತಿತು, ತನ್ನದರ 4.5 ಮಿ.ಮೀ. ರಂಧ್ರದಲ್ಲಿ ಮಾತ್ರ ಅದು ಹಿಡಿಯಲೊಲ್ಲದು. ಎರಡು ಮೂರು ಬಾರಿ ಪ್ರಯತ್ನಿಸಿ ಮುಖ ಸಣ್ಣದು ಮಾಡಿಕೊಂಡು ಅಜ್ಜಿಯ ಕಡೆಗೆ ನೋಡಿದಳು. ಅಜ್ಜಿ ಮಾತನಾಡದೆ ಎದ್ದುಹೋಗಿ, ಬಾಳೆಯ ನಾರನ್ನು ಸೀಳಿ ತಂದು, ಹೂವನ್ನು ನಳಿಗೆಯ ಪಕ್ಕಕ್ಕೆ ಎರಡು ಸುತ್ತು ಸುತ್ತಿ ಕಟ್ಟಿದರು.