ದಫ್ತರದ ಗಂಟು, ಬೆರಳಿನ ಗುರುತು

ಒಂದೂರಿನಲ್ಲಿ ಕುಳಿತು ಇನ್ನೆಲ್ಲೋ ಇರುವ ಕಂಪ್ಯೂಟರಿನ ಲೆಕ್ಕವನ್ನು ತೆರೆಯುವ ವ್ಯವಸ್ಥೆಗೆ ಈಗ ‘ಕ್ಲೌಡ್’ ಎಂಬ ಹೆಸರು. ಬ್ಯಾಂಕಾಗಲಿ, ದೊಡ್ಡ ಕಂಪೆನಿಯಾಗಲಿ ಇಂಥ ತಂತ್ರಾಂಶವನ್ನು ಒಪ್ಪುವ ಮುನ್ನ ಕೆಲವು ಪ್ರಶ್ನೆ ಕೇಳುತ್ತದೆ. ಒಳಗೆ ಬಂದವರು ಯಾರು? ತಿದ್ದುವ ಅಧಿಕಾರ ಯಾರಿಗೆ? ತಿದ್ದಿದ ಗುರುತು ಉಳಿಯುತ್ತದೆಯೆ? ಹೊಲದ ಉತಾರವನ್ನೇ ನಂಬಿದ ವಿಜಯಪುರ ಸೀಮೆಯ ರೈತರಿಗೆ ಈ ಪ್ರಶ್ನೆಗಳು ಹೊಸವೇನಲ್ಲ.

ಆದಿಲ್‌ಶಾಹಿ ಅರಸ ಒಂದನೆಯ ಇಬ್ರಾಹಿಂ (1534–58) ಕಂದಾಯದ ಲೆಕ್ಕವನ್ನು ಪಾರಸಿಯಿಂದ ದೇಶಭಾಷೆಗೆ ತಂದ. ಹಳ್ಳಿಗಳಲ್ಲಿ ಈ ಲೆಕ್ಕ ಕುಲಕರ್ಣಿಯ ಕೈಯಲ್ಲಿತ್ತು, ಮುಂದೆ ತಲಾಠಿಯ ಪಾಲಿಗೆ ಬಂತು. ದಫ್ತರದ ಗಂಟು ಯಾರ ಬಳಿಯೋ ಅವರ ಮಾತೇ ಕೊನೆಯ ಮಾತು. ಉತಾರ ಬೇಕಾದವರು ಅವರನ್ನು ಹುಡುಕಿಕೊಂಡು ಅಲೆಯಬೇಕಿತ್ತು, ಅನೇಕ ವೇಳೆ ಕೈ ಬೆಚ್ಚಗೆ ಮಾಡಬೇಕಿತ್ತು. ಹೆಸರನ್ನು ತಿದ್ದಿದವರಾರೆಂದು ಹೇಳಲು ಮಸಿಗೆ ಬಾಯಿಲ್ಲ.

ಈ ಗಂಟನ್ನು ಬಿಚ್ಚಿದ್ದು ‘ಭೂಮಿ’ ಯೋಜನೆ. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಸಿಕ್ಕತೊಡಗಿತು. ಗುಪ್ತಪದವನ್ನು ಇನ್ನೊಬ್ಬರಿಗೆ ಹೇಳಿಕೊಡಬಹುದು, ಬೆರಳನ್ನು ಎರವಲು ಕೊಡಲಾಗದು. ಆದ್ದರಿಂದ ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಒತ್ತಿಯೇ ಒಳಹೋಗಬೇಕೆಂಬ ನಿಯಮ ಬಂತು. ಹಕ್ಕು ಬದಲಾವಣೆಯ ಅರ್ಜಿಗೆ ಸರದಿ, ತಕರಾರಿಗೆ ಅವಕಾಶ, ಸಹಿಯಾದ ಆದೇಶದ ಸ್ಕ್ಯಾನ್ ಪ್ರತಿ, ಯಾರು ಯಾವಾಗ ಏನು ಮಾಡಿದರೆಂಬ ನಮೂದು ಇವೆಲ್ಲ ಸೇರಿದವು. ದೊಡ್ಡ ಸಂಸ್ಥೆಗಳು ಇಂದು ಕ್ಲೌಡ್ ತಂತ್ರಾಂಶದಲ್ಲಿ ಹುಡುಕುವುದು ಬಹುಪಾಲು ಇದನ್ನೇ.

ಮೊದಲು ತಾಲ್ಲೂಕಿಗೊಂದರಂತೆ ಇದ್ದ ದತ್ತಾಂಶ ಮುಂದೆ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿತು. 2018ರಲ್ಲಿ ತಿಕೋಟಾ ಮತ್ತು ಬಬಲೇಶ್ವರ ವಿಜಯಪುರ ತಾಲ್ಲೂಕಿನಿಂದ ಬೇರೆಯಾಗಿ ಹೊಸ ತಾಲ್ಲೂಕುಗಳಾದವು. ಹೊಲಗಳು ಇದ್ದಲ್ಲೇ ಇದ್ದವು, ದಾಖಲೆಯ ಮೇಲಿನ ಅಧಿಕಾರ ಮಾತ್ರ ಹೊಸ ತಹಸೀಲ್ದಾರರ ಕೈಗೆ ಹೋಯಿತು. ಕಣಜ ಒಂದೇ ಆದರೂ ಕೀಲಿಕೈ ಬೇರೆ ಬೇರೆ ಇರಬೇಕೆಂಬುದೇ ಕ್ಲೌಡ್‌ನ ಮೊದಲ ಪಾಠ.

ಕೀಲಿಕೈ ಇದ್ದವರೇ ಎಡವಿದರೆ? 2024ರ ಅಕ್ಟೋಬರಿನಲ್ಲಿ ತಿಕೋಟಾ ತಾಲ್ಲೂಕಿನ ಹೊನವಾಡದ ರೈತರು ತಮ್ಮ ಹೊಲಗಳು ವಕ್ಫ್ ಆಸ್ತಿಯೆಂದು ದಾಖಲಾಗುವ ಆತಂಕದಿಂದ ಪ್ರತಿಭಟನೆಗೆ ಇಳಿದರು. ಹಳೆಯ ಗೆಜೆಟ್ಟಿನಲ್ಲಿ ಊರಿನ ಹೆಸರು ತಪ್ಪಾಗಿ ಸೇರಿದ್ದೇ ಗೊಂದಲಕ್ಕೆ ಕಾರಣವೆಂದು ಸಚಿವರು ವಿವರಿಸಿದರು. ಪಕ್ಕದ ಇಂಡಿ ತಾಲ್ಲೂಕಿನಲ್ಲಿ ಕೆಲವು ಪಹಣಿಗಳ 11ನೆಯ ಕಲಂ ನೋಟಿಸೇ ಇಲ್ಲದೆ ಬದಲಾಗಿದ್ದುದೂ ಬೆಳಕಿಗೆ ಬಂತು. ರೈತರಿಗೆ ಕೊಟ್ಟ ನೋಟಿಸುಗಳನ್ನು ಹಿಂಪಡೆಯಲು ಸರ್ಕಾರ ಸೂಚಿಸಿತು.

ಇಲ್ಲಿ ಬೀಗ ಮುರಿದವರು ಯಾರೂ ಇಲ್ಲ. ಬೆರಳಿನ ಗುರುತು ತಿದ್ದಿದವರನ್ನು ತೋರಿಸಬಲ್ಲದು, ತಿದ್ದಿದ್ದು ಸರಿಯೇ ಎಂದು ಹೇಳಲಾರದು. ಹೊಲದ ಒಡೆಯನಿಗೆ ಮೊದಲು ತಿಳಿಸಿದಿರಾ ಎಂಬ ಪ್ರಶ್ನೆಯನ್ನು ತಂತ್ರಾಂಶ ಕೇಳಬೇಕು. ಅದಕ್ಕೆ ಉತ್ತರ ಸಿಗುವವರೆಗೆ ಕಲಂ ಬದಲಾಗಬಾರದು. ದಫ್ತರ ಬೆಂಗಳೂರಿನಲ್ಲಿದ್ದರೂ ಹೊನವಾಡದ ರೈತ ನೆಮ್ಮದಿಯಿಂದ ಬಿತ್ತಲು ಆಗ ಸಾಧ್ಯ.